ಬೋರಟೋಳಿಯ ಐದಡಿ ಗುಂಡಿ

"ನಮ್ಮೂರ ಹೆಸರೆಲ್ಲಿ?"

ಮೃಣಾಲಿ ಕೈ ಎತ್ತದೆ ಎದ್ದು ನಿಂತುಬಿಟ್ಟಿದ್ದಳು. ಐದನೇ ಕ್ಲಾಸಿನ ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಗುರುಜಿ ಕುರ್ಚಿಯಲ್ಲೇ ಕುಳಿತು ಹುಬ್ಬು ಏರಿಸಿದರು.

ಗೋಡೆಯ ಮೇಲೆ ಹೊಸ ನಕ್ಷೆ ತೂಗುತ್ತಿತ್ತು. ಮಣ್ಣಿನ ಸರ್ವೆಗೆ ಬಂದಿದ್ದ ವಾಘಮಾರೆ ಮೇಡಂ ಅದನ್ನು ಈಗಷ್ಟೇ ಮೊಳೆಗೆ ಹಾಕಿದ್ದರು. ಅದು ರಸ್ತೆಗಳ ನಕ್ಷೆ ಅಲ್ಲ, ಮಣ್ಣಿನ ನಕ್ಷೆ. ಹಳ್ಳದ ದಂಡೆಯ ಮಣ್ಣಿಗೆ ಒಂದು ಬಣ್ಣ, ಗುಡ್ಡದ ಗರಸು ಮಣ್ಣಿಗೆ ಇನ್ನೊಂದು. ನಡುವೆ ದೊಡ್ಡದಾಗಿ ಹರಡಿದ್ದು ಒಂದು ಕಂದು ಬಣ್ಣ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ಮಾಂಡವಾಡಿ.

ಆ ಕಂದು ಬಣ್ಣ ಮಾಂಡವಾಡಿಯ ಹೊಲಗಳನ್ನೆಲ್ಲ ನುಂಗಿ, ಕೆರೆ ದಾಟಿ, ಮೇಲೆ ಮೃಣಾಲಿಯ ಊರಾದ ಬೋರಟೋಳಿಯವರೆಗೂ ಹಬ್ಬಿತ್ತು. ಬೋರಟೋಳಿಗೆ ಒಂದು ಚುಕ್ಕೆ ಇತ್ತು. ಚುಕ್ಕೆಯ ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

"ನಮ್ಮೂರ್ದು ಹೊಸ ಮಣ್ಣು ಅಂದಿದ್ರಲ್ಲ ಮೇಡಂ?" ಮೃಣಾಲಿ ಮತ್ತೆ ಕೇಳಿದಳು.

"ಹೊಸದಾಗಿದ್ರೆ ನಿಮ್ಮೂರ ಹೆಸರು ಇಡ್ತೀವಿ ಅಂದಿದ್ದೆ ಮಗು." ಮೇಡಂ ದನಿ ಮೆತ್ತಗಿತ್ತು. "ಮೊದಲನೇ ಸಲ ಎಲ್ಲಿ ನೋಡ್ತೀವೋ ಆ ಊರಿನ ಹೆಸರನ್ನ ಮಣ್ಣಿಗೆ ಇಡೋದು. ಅದಕ್ಕೆ ಸೀರೀಸ್ ಅಂತೀವಿ. ನಿಮ್ಮ ಹೊಲದ್ದನ್ನ ಚೆನ್ನಾಗಿ ಹೋಲಿಸಿ ನೋಡಿದ್ವಿ. ಅದು ಮಾಂಡವಾಡಿ ಸೀರೀಸೇ. ಮೂವತ್ತು ವರ್ಷದ ಹಿಂದೆನೇ ಬರೆದಿಟ್ಟಿದ್ದಾರೆ."

"ಆವಾಗ ನಮ್ಮೂರಿಗೆ ಯಾಕೆ ಬರ್ಲಿಲ್ಲ?"

ಮೇಡಂ ನಕ್ಷೆಯ ಮಡಿಚಿದ ಅಂಚನ್ನು ನೇರ ಮಾಡಿದರು. "ಜೀಪು ಮಾಂಡವಾಡಿ ತನಕ ಮಾತ್ರ ಬರ್ತಿತ್ತಂತೆ. ಅಲ್ಲಿಂದ ಮುಂದೆ ರಸ್ತೆ ಇರ್ಲಿಲ್ಲ."

ಹಿಂದಿನ ಬೆಂಚಿನಲ್ಲಿ ಮಾಂಡವಾಡಿಯ ಕುಣಾಲ ದೇಶಮುಖ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ, "ಏ ಬೋರಟೋಳಿ, ಸೀರೀಸ್ ಸೋತ್ರಲ್ಲೇ! ಒಂದು ಮ್ಯಾಚೂ ಗೆಲ್ಲಲಿಲ್ವಾ?"

ಇಡೀ ಕ್ಲಾಸು ನಕ್ಕಿತು. ಗುರುಜಿ ಮೀಸೆಯೊಳಗೇ ನಕ್ಕು, "ಕೂತ್ಕೋ ಮೃಣಾಲಿ, ಮೇಡಂಗೆ ಹೊತ್ತಾಗುತ್ತೆ" ಎಂದರು.

ಮೃಣಾಲಿ ಕುಳಿತಳು. ಕಿವಿ ಕಾದ ತವಾದಂತೆ ಸುಡುತ್ತಿತ್ತು.

*

ಬೋರಟೋಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಶಾಲೆ. ಐದಕ್ಕೆ ಬಂದವರು ಎರಡು ಮೈಲಿ ನಡೆದು ಮಾಂಡವಾಡಿಗೆ ಬರಬೇಕು. ಪೋಸ್ಟು ಮಾಂಡವಾಡಿ. ರೇಷನ್ ಅಂಗಡಿ ಮಾಂಡವಾಡಿ. ಬಸ್ಸು ನಿಲ್ಲುವ ಕವಲುದಾರಿಯೂ ಮಾಂಡವಾಡಿ ಫಾಟಾ. ಮೃಣಾಲಿಯ ಆಧಾರ್ ಕಾರ್ಡಿನಲ್ಲೂ ಅವಳ ಊರಿಗಿಂತ ಮಾಂಡವಾಡಿಯ ಹೆಸರೇ ದೊಡ್ಡದಾಗಿ ಕಾಣುತ್ತಿತ್ತು.

ಆದ್ದರಿಂದಲೇ ಹೋದ ತಿಂಗಳು ಸರ್ವೆಯವರ ಜೀಪು ಮೊದಲ ಬಾರಿಗೆ ಬೋರಟೋಳಿಗೆ ಬಂದಾಗ ಅವಳು ಅಷ್ಟು ಕುಣಿದಿದ್ದಳು.

ಗುಂಡಿ ಬೇಕಾಗಿತ್ತು ಅವರಿಗೆ. ಐದಡಿ ಆಳ, ಒಂದು ಕಡೆ ಇಳಿಯಲು ಮೆಟ್ಟಿಲು, ಎದುರಿನ ಗೋಡೆಗೆ ಬಿಸಿಲು ಬೀಳುವಂತೆ. ಮೃಣಾಲಿಯ ಅಪ್ಪ, ಅವಳ ಬಾಬಾ, ಗುಲಾಬ ಬಾವಿ ತೋಡುವವ. ಸೋಯಾ ಕಿತ್ತು ಖಾಲಿಯಾಗಿದ್ದ ಅವರದೇ ಹೊಲವನ್ನು ಮೇಡಂ ಆರಿಸಿದರು. ಬಾಬಾ ಎರಡು ದಿನ ತೋಡಿದ. ಮೇಲಿನ ಕರಿ ಮಣ್ಣನ್ನು ಎಡಕ್ಕೆ ಹಾಕಿದ, ಕೆಳಗಿನ ಬಿಳಿಚಿದ ಮಣ್ಣನ್ನು ಬಲಕ್ಕೆ. ಗೋಡೆ ಎಷ್ಟು ನೇರವಾಗಿತ್ತೆಂದರೆ ಮೇಡಂ ಬೆರಳಿನಿಂದ ಮುಟ್ಟಿ ನೋಡಿ, "ಗುಲಾಬಭಾವು, ಇಷ್ಟು ಚಂದದ ಗುಂಡಿ ನಾನು ನೋಡೇ ಇಲ್ಲ" ಎಂದಿದ್ದರು.

ಆಮೇಲೆ ಮೇಡಂ ಗುಂಡಿಗಿಳಿದು ಚಾಕುವಿನಿಂದ ಗೋಡೆಯನ್ನು ಕೆರೆದರು. ನೀರು ಚಿಮುಕಿಸಿದರು. ಬಣ್ಣಗಳ ಪುಸ್ತಕ ತೆರೆದು ಒಂದೊಂದು ಹೆಂಟೆಯನ್ನೂ ಅದರ ಪಕ್ಕ ಹಿಡಿದರು. ಹಸಿ ಮಣ್ಣನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ರಿಬ್ಬನ್ನಿನಂತೆ ಎಳೆದರು. ಅದು ಎಷ್ಟು ಉದ್ದ ಬಂದು ಮುರಿಯಿತೆಂದು ಬರೆದುಕೊಂಡರು. ಸಣ್ಣ ಬಾಟಲಿಯಿಂದ ಒಂದು ಹನಿ ಆಸಿಡ್ ಹಾಕಿದಾಗ ಬಿಳಿ ಹರಳುಗಳಿರುವ ಮಣ್ಣು ಬುಸ್ಸೆಂದು ನೊರೆ ಬಿಟ್ಟಿತು.

"ಇದು ಹೊಸದೇ ಇದ್ರೂ ಇರಬಹುದು" ಎಂದಿದ್ದರು ಮೇಡಂ. "ಆಗ ಬೋರಟೋಳಿ ಸೀರೀಸ್."

ಅಂದು ಸಂಜೆ ಮೃಣಾಲಿ ಊರೆಲ್ಲ ಓಡಿ ಹೇಳಿದಳು. ಮರುದಿನ ಶಾಲೆಯಲ್ಲಿ ಹೇಳಿದಳು. ಕುಣಾಲನ ಮುಂದಂತೂ ಮೂರು ಸಲ ಹೇಳಿದಳು. ರಾತ್ರಿ ಊಟಕ್ಕೆ ಕುಳಿತಾಗ ಅಮ್ಮನಿಗೆ, ಆಯಿಗೆ, ಎಂಟನೇ ಸಲ ಹೇಳಿದಳು. ಬಾಬಾ ಮಾತ್ರ ಜೋಳದ ಭಾಕರಿ ಮುರಿಯುತ್ತ ತಟ್ಟೆಯನ್ನೇ ನೋಡುತ್ತಿದ್ದ. ದಣಿದಿದ್ದಾನೆ ಅಂದುಕೊಂಡಿದ್ದಳು ಅವಳು.

*

ಶಾಲೆ ಬಿಟ್ಟಾಗ ಫಾಟಾದ ಚಹಾ ಅಂಗಡಿಯಲ್ಲಿ ಬಾಬಾ ಇದ್ದ. ಮಾಂಡವಾಡಿಯ ನಾಲ್ಕೈದು ಗಂಡಸರು ಬೆಂಚಿನ ಮೇಲೆ ಕುಳಿತು ತರ್ರಿ ಎಂಬ ಖಾರದ ಸಾರು ಸುರಿದ ಅವಲಕ್ಕಿ ಪೋಹೆ ತಿನ್ನುತ್ತಿದ್ದರು. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು.

"ಬಾರಪ್ಪ ಸೀರೀಸ್ ಗುಲಾಬ!" ಕುಣಾಲನ ಕಾಕಾ ಕೂಗಿದ. "ಏನಯ್ಯಾ, ಐದಡಿ ತೋಡಿ ನಮ್ಮೂರನ್ನೇ ಹುಡುಕಿ ತೆಗೆದ್ಯಲ್ಲ!"

"ಇನ್ನೂ ಐದಡಿ ತೋಡು ಭಾವು, ನಾಗಪುರನೂ ಸಿಗುತ್ತೆ" ಎಂದ ಇನ್ನೊಬ್ಬ.

ಬಾಬಾ ನಕ್ಕ. ತಲೆ ತಗ್ಗಿಸಿ, ಚಹಾದ ಗ್ಲಾಸು ಎರಡು ಕೈಯಲ್ಲೂ ಹಿಡಿದುಕೊಂಡು, ಎಲ್ಲರ ಜೊತೆ ನಕ್ಕ.

ಮೃಣಾಲಿ ರಸ್ತೆಯ ಈಚೆ ನಿಂತು ಅದನ್ನು ನೋಡಿದಳು. ಕುಣಾಲ ನಕ್ಕಾಗ ಬಂದ ಸಿಟ್ಟು ಕಿವಿಯಲ್ಲಿತ್ತು. ಈ ಸಿಟ್ಟು ಹೊಟ್ಟೆಯಲ್ಲಿ ಹುಟ್ಟಿತು. ಅವಳು ಬಾಬಾನನ್ನು ಕರೆಯಲಿಲ್ಲ. ಬ್ಯಾಗು ಬಿಗಿಯಾಗಿ ಹಿಡಿದು ದಡದಡ ನಡೆದಳು.

"ಏ ನಿಲ್ಲೇ, ನಿಲ್ಲೇ!" ಅವಳ ಕ್ಲಾಸಿನವನೇ, ಅವಳ ಊರಿನವನೇ ಆದ ಗೋಲು ಹಿಂದಿನಿಂದ ಓಡಿ ಬಂದ. "ಬಾಬಾಗೆ ಕಾಯಲ್ವಾ?"

"ಇಲ್ಲ."

"ಯಾಕೆ?"

"ನಗ್ತಾ ಕೂತಿದ್ದಾನೆ. ನಗಲಿ."

ಗೋಲು ಹೆಜ್ಜೆ ಸೇರಿಸಿ ನಡೆದ. ಅವನಿಗೆ ಸುಮ್ಮನಿರುವುದು ಬಹಳ ಕಷ್ಟ. "ಮೇಡಂ ನಾಳೆ ಬೆಳಿಗ್ಗೆ ಹೋಗ್ತಾರಂತೆ. ಗುರುಜಿ ಹೇಳ್ತಿದ್ರು."

ಮೃಣಾಲಿ ಗಕ್ಕನೆ ನಿಂತಳು. ರಸ್ತೆಯ ಪಕ್ಕದಲ್ಲೇ ಕುಣಾಲನ ಮನೆಯವರ, ದೇಶಮುಖರ, ದೊಡ್ಡ ಹೊಲ. ಹತ್ತಿ ಕಿತ್ತಾಗಿತ್ತು, ಕಡ್ಡಿಗಳನ್ನೂ ತೆಗೆದಾಗಿತ್ತು.

"ಗೋಲ್ಯಾ, ನಿನ್ನ ಡಬ್ಬಿ ಖಾಲಿ ಇದೆಯಾ?"

"ಇದೆ. ಯಾಕೆ?"

"ಅವರ ಮಣ್ಣು ತಗೊಂಡು ಹೋಗೋಣ. ನಮ್ಮದರ ಪಕ್ಕ ಇಟ್ಟು ಮೇಡಂಗೆ ತೋರಿಸೋಣ. ಬೇರೆ ಬೇರೆ ಅಂತ ಅವರೇ ನೋಡ್ಲಿ."

"ಅದರಲ್ಲಿ ನಾಳೆ ಉಪ್ಪಿಟ್ಟು ತಿನ್ಬೇಕು ಕಣೇ ನಾನು!"

"ತೊಳೆದು ಕೊಡ್ತೀನಿ. ಬಾ."

ಸ್ಯಾಂಪಲ್ ತೆಗೆಯುವುದು ಹೇಗೆಂದು ಮೇಡಂ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಬದುವಿನ ಮೇಲೆ ತೆಗೆಯಬಾರದು, ಮರದ ಕೆಳಗೆ ತೆಗೆಯಬಾರದು, ಗೊಬ್ಬರದ ಗುಡ್ಡೆಯ ಹತ್ತಿರ ಬೇಡವೇ ಬೇಡ. ಒಂದೇ ಕಡೆಯಿಂದ ತೆಗೆದರೆ ಅದು ಹೊಲದ ಮಾತಲ್ಲ, ಆ ಒಂದು ಜಾಗದ ಮಾತು. ಮೃಣಾಲಿ ಸಿಟ್ಟಿನಲ್ಲೂ ಒಂದನ್ನೂ ಮರೆಯಲಿಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ, ಕಂಪಾಸ್ ಡಬ್ಬಿಯ ಮುಚ್ಚಳದಿಂದ ಗೇಣುದ್ದ ಕೆರೆದು ಮಣ್ಣು ತೆಗೆದಳು. ಗೋಲು ಡಬ್ಬಿ ಹಿಡಿದು ಹಿಂದೆ ಹಿಂದೆ ಬಂದ.

"ಯಾರದು ಹೊಲದಲ್ಲಿ?" ದೂರದ ದನದ ಗೋಠಾದಿಂದ ಮುದುಕರೊಬ್ಬರ ದನಿ ಕೇಳಿತು. "ಏ ಪೋರಗಳಾ! ಏನ್ ಕದೀತಿದ್ದೀರೋ?"

"ಏನೂ ಇಲ್ಲ ಆಜೋಬಾ, ಮಣ್ಣು!" ಗೋಲು ಹೆದರಿಕೆಯಲ್ಲಿ ನಿಜವನ್ನೇ ಹೇಳಿಬಿಟ್ಟ.

"ಮಣ್ಣು ತಿಂತೀರೇನ್ರೋ?"

ಇಬ್ಬರೂ ಓಡಿದರು.

ಕೆರೆಯ ಏರಿ ದಾಟಿದ ಮೇಲೆ ಒಂದು ಬೋರೆ ಮರದ ಕೆಳಗೆ ಕುಳಿತು ಡಬ್ಬಿ ತೆಗೆದರು. ಮೃಣಾಲಿ ಒಂದು ಹಿಡಿ ಮಣ್ಣಿಗೆ ಬಾಟಲಿಯ ನೀರು ಹಾಕಿ ಕಲಸಿದಳು. ಅದು ಬೆಣ್ಣೆಯಂತೆ ನುಣ್ಣಗಿತ್ತು. ಬಣ್ಣ ಕಪ್ಪಲ್ಲ, ಬೂದಿ ಬೆರೆತ ಕಪ್ಪು. ಮೃಣಾಲಿಯವರ ಹೊಲದಲ್ಲಿ ಮೇಲೂ ಅಲ್ಲಲ್ಲಿ ಸಿಗುವ ಬಿಳಿ ಹರಳು ಇದರಲ್ಲಿ ಒಂದೂ ಇರಲಿಲ್ಲ. ಬದಲಿಗೆ ಅಕ್ಕಿ ಕಾಳಿನಷ್ಟು ಸಣ್ಣ ಶಂಖಗಳು ಸಿಕ್ಕವು. ಒಂದು, ಎರಡು, ಏಳು.

"ನಮ್ಮ ಹೊಲದಲ್ಲಿ ಶಂಖ ನೋಡಿದ್ದೀಯಾ ಯಾವತ್ತಾದ್ರೂ?"

"ಇಲ್ಲ." ಗೋಲುವಿನ ಕಣ್ಣು ಅಗಲವಾಯಿತು. "ಅಂದ್ರೆ ಮೇಡಂ ತಪ್ಪಾ?"

"ತಪ್ಪು! ತಪ್ಪು ಅಂದ್ರೆ ತಪ್ಪು!" ಮೃಣಾಲಿ ಡಬ್ಬಿಯ ಮುಚ್ಚಳ ಒತ್ತಿದಳು. "ನಾಳೆ ಆ ನಕ್ಷೆ ಕೆಳಗಿಳಿಸಲೇಬೇಕು."

*

ಹೊಲಕ್ಕೆ ಬಂದಾಗ ಬಿಸಿಲು ವಾಲಿತ್ತು. ಬಾಬಾ ಸೈಕಲ್ಲಿನಲ್ಲಿ ಅವರಿಗಿಂತ ಮೊದಲೇ ಬಂದುಬಿಟ್ಟಿದ್ದ. ಅಂಗಿ ಬಿಚ್ಚಿ ಬದುವಿನ ಮೇಲಿಟ್ಟು, ಸಲಿಕೆ ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದ. ಬಲಗಡೆಯ ಬಿಳಿಚು ಮಣ್ಣಿನ ರಾಶಿ ಆಗಲೇ ಸ್ವಲ್ಪ ಕರಗಿತ್ತು.

"ಮುಚ್ಚಬೇಡ!" ಮೃಣಾಲಿ ದೂರದಿಂದಲೇ ಕಿರುಚಿದಳು. "ಬಾಬಾ, ಮುಚ್ಚಬೇಡ!"

"ಮೇಡಂ ಮುಚ್ಚು ಅಂದ್ರು ಮಿನು. ಯಾರದಾದ್ರೂ ಆಡು ಬಿದ್ರೆ ಕಾಲು ಮುರಿಯುತ್ತೆ."

"ಆ ಮೇಡಂಗೆ ಏನೂ ಗೊತ್ತಿಲ್ಲ! ಇದು ನೋಡು!" ಅವಳು ಡಬ್ಬಿಯನ್ನು ಅವನ ಮುಖದ ಮುಂದೆ ಹಿಡಿದಳು. "ದೇಶಮುಖರ ಹೊಲದ್ದು. ಐದು ಕಡೆಯಿಂದ ತೆಗೆದದ್ದು. ಎಲ್ಲಿದೆ ಹರಳು? ಎಲ್ಲಿದೆ ತೋರಿಸು! ಇದೂ ನಮ್ಮದೂ ಒಂದೇನಾ?"

ಬಾಬಾ ಸಲಿಕೆ ಕೆಳಗಿಟ್ಟ. ಚಿಟಿಕೆ ಮಣ್ಣು ತೆಗೆದು ಹೆಬ್ಬೆರಳಿನಿಂದ ಉಜ್ಜಿದ. ಒಂದು ಶಂಖ ಬೆರಳಿಗೆ ಅಂಟಿಕೊಂಡು ಬಂತು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ.

"ರಸ್ತೆ ಪಕ್ಕದ ಹೊಲದ್ದಾ?"

"ಹೌದು."

"ಇದು ಕೆರೆ ಹೂಳು."

"ಏನು?"

"ಎರಡು ವರ್ಷದ ಹಿಂದೆ ಬೇಸಿಗೇಲಿ ಕೆರೆ ಬತ್ತಿತ್ತಲ್ಲ? ಆಗ ಹೂಳು ತೆಗೆದ್ರು. ದೇಶಮುಖರು ಟ್ರ್ಯಾಕ್ಟರಲ್ಲಿ ತಂದು ಹೊಲದ ಮೇಲೆಲ್ಲ ಹರಡಿಸಿದ್ರು. ಗೇಣುದ್ದ ಅದೇ ಇದೆ. ಶಂಖ ಕೆರೇದು."

ಗೋಲು ಮೆಲ್ಲಗೆ ಮೃಣಾಲಿಯ ಮುಖ ನೋಡಿದ. ಅವಳು ಬಿಡಲಿಲ್ಲ.

"ಕೆರೆಗೆ ಎಲ್ಲಿಂದ ಬಂತು ಈ ಮಣ್ಣು?"

"ಮಳೆ ನೀರಿನ ಜೊತೆ. ಮೇಲಿಂದ."

"ಮೇಲಿಂದ ಅಂದ್ರೆ?"

ಬಾಬಾ ಗಲ್ಲದಿಂದ ತೋರಿಸಿದ. ಅವರ ಹೊಲದ ಇಳಿಜಾರು, ಅದರ ಮೇಲೆ ಗೋಲುವಿನವರ ಹೊಲ, ಅದರ ಮೇಲೆ ಗುಡ್ಡ.

ಮೃಣಾಲಿ ಗುಡ್ಡದಿಂದ ಕೆರೆಯವರೆಗೆ ಇಳಿಜಾರನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಮಾತೆಲ್ಲ ಒಟ್ಟಿಗೆ ಹೊರಟಿತು.

"ಅಂದ್ರೆ ಮಣ್ಣೂ ನಮ್ದೇ! ನಮ್ಮ ಮಣ್ಣು ಹೋಗಿ ಅವರ ಹೊಲದ ಮೇಲೆ ಕೂತಿದೆ, ಹೆಸರು ಮಾತ್ರ ಅವರ್ದು! ಶಾಲೆ ಅವರ್ದು, ಪೋಸ್ಟು ಅವರ್ದು, ಬಸ್ಸು ಅವರ್ದು. ಇದೂ ಅವರ್ದಾ? ಹೇಳು!"

"ಹೂಳಿನ ಕೆಳಗೆ ಅವರ ಹೊಲನೂ ನಮ್ಮ ಹಾಗೇ ಇದೆ ಮಿನು. ಮೂರಡಿಗೆ ಕನ್ನಡಿ ಥರ ಹೊಳಿಯೋ ಹೆಂಟೆ. ನಾಲ್ಕಡಿಗೆ ಜೋಳದ ಕಾಳಿನಷ್ಟು ಹರಳು. ಐದಡಿಗೆ ಹಳದಿ."

"ನಿಂಗೆ ಹೇಗೆ ಗೊತ್ತು?"

"ಆ ಹೊಲದ ಬಾವಿ ತೋಡಿದ್ದು ನಾನೇ. ನೀನಿನ್ನೂ ಹುಟ್ಟಿರ್ಲಿಲ್ಲ."

ದೂರದ ತೊಗರಿ ಹೊಲದಲ್ಲಿ ಯಾರೋ ಹಕ್ಕಿ ಓಡಿಸುತ್ತಿದ್ದರು. ತಗಡು ಬಡಿಯುವ ಸದ್ದು ನಿಂತು ನಿಂತು ಬರುತ್ತಿತ್ತು.

ಮೃಣಾಲಿ ನಿಧಾನವಾಗಿ ಕೇಳಿದಳು, "ಹಾಗಾದ್ರೆ ಇದನ್ನ ತೋಡುವಾಗಲೇ ನಿಂಗೆ ಗೊತ್ತಾಗಿತ್ತಾ? ಎರಡೂ ಒಂದೇ ಅಂತ?"

ಬಾಬಾ ಸಲಿಕೆ ಎತ್ತಿಕೊಂಡ.

"ಹೇಳು ಬಾಬಾ!"

"ಮೂರನೇ ಅಡಿಗೇ ಗೊತ್ತಾಯ್ತು."

ಅವಳ ಕೈಯಿಂದ ಡಬ್ಬಿ ಹಾರಿತು. ಗೋಲುವಿನ ಡಬ್ಬಿ ಬದುವಿಗೆ ಬಡಿದು, ಮುಚ್ಚಳ ಒಂದು ಕಡೆ, ಮಣ್ಣು ಒಂದು ಕಡೆ ಚೆಲ್ಲಿತು.

"ಗೊತ್ತಿದ್ದೂ ಸುಮ್ನಿದ್ದೆ! ನಾನು ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಕುಣಾಲನ ಹತ್ರ ಮೂರು ಸಲ ಹೇಳ್ದೆ. ನೀನು ಭಾಕರಿ ತಿಂತಾ ಕೂತಿದ್ದೆ! ಇವತ್ತು ಅವರೆಲ್ಲ ನಗ್ತಿದ್ರೆ ನೀನೂ ಜೊತೆಗೆ ನಕ್ಕೆ! ನಾಚ್ಕೆ ಆಗಲ್ವಾ ನಿಂಗೆ?"

ಗೋಲು ತನ್ನ ಡಬ್ಬಿ ಆರಿಸಿಕೊಂಡು, "ನಾನು ಹೋಗ್ತೀನಿ, ಆಯಿ ಕರೀತಿದ್ದಾಳೆ" ಎಂದ. ಯಾರೂ ಕರೆದಿರಲಿಲ್ಲ. ಅವನು ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದ.

ಮೃಣಾಲಿ ಎಡಗಡೆಯ ರಾಶಿಗೆ ಕಾಲಿನಿಂದ ಒದ್ದಳು. ಕರಿ ಮಣ್ಣು ಗುಂಡಿಯೊಳಗೆ ಜಾರಿತು. "ಮುಚ್ಚು! ಪೂರ್ತಿ ಮುಚ್ಚಿಬಿಡು! ಯಾರಿಗೂ ಕಾಣೋದೇ ಬೇಡ!"

"ಅದಲ್ಲ ಮಿನು." ಬಾಬಾ ಗದರಲಿಲ್ಲ. "ಮೊದ್ಲು ಬಿಳಿ ಮಣ್ಣು. ಕೆಳಗಿನದು ಕೆಳಗೇ ಹೋಗ್ಬೇಕು. ಕರಿದು ಕೊನೇಲಿ. ಇಲ್ದಿದ್ರೆ ಇಲ್ಲಿ ಬಿತ್ತಿದ್ದೆಲ್ಲ ಹಳದಿ ಆಗುತ್ತೆ."

ಅವನು ಗುಂಡಿಗಿಳಿದು, ಅವಳು ಒದ್ದ ಕರಿ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಮೇಲೆ ಸುರಿದ. ಮತ್ತೆ ಹತ್ತಿ ಬಂದು ಬಿಳಿ ಮಣ್ಣನ್ನು ಎಳೆಯತೊಡಗಿದ. ಅವಳು ಬೆನ್ನು ತಿರುಗಿಸಿ ಬದುವಿನ ಮೇಲೆ ಕುಳಿತಳು. ಅಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು. ಹಿಂದೆ ಸಲಿಕೆಯ ಸದ್ದು. ಮಣ್ಣು ಬೀಳುವ ಸದ್ದು. ಬಹಳ ಹೊತ್ತು ಅಷ್ಟೇ.

ಆಮೇಲೆ ಬಾಬಾ ಮಾತಾಡಿದ. ಅವಳ ಜೊತೆ ಮಾತಾಡುವವನಂತೆ ಅಲ್ಲ, ಗುಂಡಿಯ ಜೊತೆ ಮಾತಾಡುವವನಂತೆ.

"ಮೂರನೇ ಅಡಿಗೆ ಗೊತ್ತಾಯ್ತು. ಆದ್ರೂ ತೋಡ್ತಾ ಹೋದೆ. ನಾಲ್ಕಡೀಲಿ ಬೇರೆ ಏನಾದ್ರೂ ಸಿಗುತ್ತಾ ಅಂತ. ಐದಡೀಲಿ ಸಿಗುತ್ತಾ ಅಂತ. ಮೇಡಂ ಓದಿದವರು, ಅವರ ಬಾಟ್ಲೀಲಿ, ಪುಸ್ತಕದಲ್ಲಿ ಬೇರೇನೇ ಬಂದ್ರೂ ಬರಬಹುದು ಅಂದ್ಕೊಂಡೆ. ಇಪ್ಪತ್ತು ವರ್ಷದಿಂದ ತೋಡ್ತಿದ್ದೀನಿ. ಒಂದೇ ಒಂದು ಸಲ ನನ್ನ ಲೆಕ್ಕ ತಪ್ಪಾಗ್ಲಿ ಅಂದ್ಕೊಂಡೆ."

ಮೃಣಾಲಿ ತಿರುಗಿ ನೋಡಲಿಲ್ಲ.

"ಆಮೇಲೆ ನೀನು ಊರೆಲ್ಲ ಹೇಳ್ಕೊಂಡು ಬಂದೆ. ಆವಾಗ ಹೇಳೋಕೆ ಬಾಯೇ ಬರಲಿಲ್ಲ."

ಮತ್ತೆ ಸಲಿಕೆ. ಮತ್ತೆ ಮಣ್ಣು. ಸ್ವಲ್ಪ ಹೊತ್ತಿನ ಮೇಲೆ ಸದ್ದು ಬದಲಾಯಿತು. ಧಪ್. ಧಪ್. ಧಪ್.

ಅವಳು ತಿರುಗಿದಳು. ಗುಂಡಿ ಅರ್ಧ ತುಂಬಿತ್ತು. ಬಾಬಾ ಅದರೊಳಗೆ ನಿಂತು ಬರಿಗಾಲಿನಲ್ಲಿ ಮಣ್ಣು ತುಳಿಯುತ್ತಿದ್ದ. ಗುಂಡಿ ಮುಚ್ಚುವಾಗ ತುಳಿಯಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕುಸಿಯುತ್ತದೆ. ಅದು ಅವಳಿಗೂ ಗೊತ್ತಿತ್ತು. ಆದರೆ ಆ ಸಡಿಲ ಮಣ್ಣಿಗೆ ಅಷ್ಟು ಜೋರು ಬೇಕಿರಲಿಲ್ಲ. ಅವನು ಮೊಣಕಾಲು ಎದೆಯವರೆಗೆ ಎತ್ತಿ ಹಿಮ್ಮಡಿಯಿಂದ ಕುಟ್ಟುತ್ತಿದ್ದ. ಕತ್ತಿನ ನರ ಉಬ್ಬಿತ್ತು. ಚಹಾ ಅಂಗಡಿಯಲ್ಲಿ ನಕ್ಕಿದ್ದ ಬಾಯಿ ಈಗ ಒಂದು ಗೆರೆಯಷ್ಟೇ ಆಗಿತ್ತು.

ಇಷ್ಟು ದಿನದಲ್ಲಿ ಮೃಣಾಲಿ ಬಾಬಾನ ಸಿಟ್ಟನ್ನು ನೋಡಿರಲೇ ಇಲ್ಲ. ಅವನಿಗೆ ಸಿಟ್ಟೇ ಬರುವುದಿಲ್ಲ ಅಂದುಕೊಂಡಿದ್ದಳು.

ಅವಳು ಚಪ್ಪಲಿ ಬಿಟ್ಟು ಗುಂಡಿಗಿಳಿದಳು. ಬಾಬಾ ಸ್ವಲ್ಪ ಸರಿದು ಜಾಗ ಕೊಟ್ಟ.

ಮೃಣಾಲಿ ಮೊಣಕಾಲು ಎತ್ತಿ, ಹಿಮ್ಮಡಿಯಿಂದ, ಎಷ್ಟು ಜೋರಾಗುತ್ತದೋ ಅಷ್ಟು ಜೋರಾಗಿ ತುಳಿದಳು.